ಮಂಗಳವಾರ ಹನ್ನೊಂದೂ ಹತ್ತು

ಮಂಗಳವಾರ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಎರಡನೆಯ ಮಹಡಿಯ ಕೊನೆಯ ಕೋಣೆಯ ಬಾಗಿಲು ಅಂಗೈಯಗಲ ತೆರೆದಿತ್ತು. ಒಳಗೆ ಎರಡು ಕುರ್ಚಿಗಳಿದ್ದವು. ಕಿಟಕಿಗೆ ಬೆನ್ನು ಹಾಕಿದ ಕುರ್ಚಿಯಲ್ಲಿ ವಿಶ್ವವಿದ್ಯಾಲಯದ ಆಪ್ತಸಮಾಲೋಚಕಿ ಕೂತಿದ್ದರು; ಎದುರಿನ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಅವರು ಪುಸ್ತಕ ತೆರೆಯಲಿಲ್ಲ, ಕಡತ ತಿರುವಲಿಲ್ಲ, ಮೇಜಿನ ಖಾನೆಯೊಳಗೆ ಎರಡು ಸಲ ಗುಂಯ್‌ಗುಟ್ಟಿದ ಫೋನನ್ನು ಎತ್ತಿಕೊಳ್ಳಲಿಲ್ಲ. ಖಾಲಿ ಕುರ್ಚಿಯನ್ನು ನೋಡುತ್ತಾ ಕೂತಿದ್ದರು, ಅಷ್ಟೆ. ಆ ಕುರ್ಚಿಯ ಎಡಗೈ ಮೇಲೆ ಗೇಣುದ್ದ ಬಣ್ಣವೇ ಇಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ಅಲ್ಲಿ ಕೂತ ಮಕ್ಕಳು ಹೇಳಲಾರದ ಮಾತಿನ ಸುತ್ತ ಸುತ್ತುವಾಗ ಉಗುರಿನಿಂದ ಕೆರೆದು ಕೆರೆದು ಒಳಗಿನ ಮರವನ್ನು ಹೊರಗೆ ತಂದಿದ್ದಾರೆ. ನೋಟ ಕಿಟಕಿಯಾಚೆಗೋ ಗೋಡೆ ಗಡಿಯಾರಕ್ಕೋ ಜಾರಿದಾಗ ಅವರು ಅದನ್ನು ಗದರಿಸದೆ, ಮಗುವಿನ ಕೈ ಹಿಡಿದು ತಿರುಗಿಸಿದಂತೆ, ಮತ್ತೆ ಆ ಬಣ್ಣ ಹೋದ ಮರದ ಮೇಲೆ ತಂದು ನಿಲ್ಲಿಸುತ್ತಿದ್ದರು. ಹೀಗೆ ಪೂರ್ತಿ ಐವತ್ತು ನಿಮಿಷ. ಹನ್ನೆರಡು ಗಂಟೆಗೆ ಎದ್ದು, ಮೊಣಕಾಲು ನೀವಿಕೊಂಡು, ದಿನಚರಿಯಲ್ಲಿ ಒಂದು ಗೆರೆ ಬರೆದರು. ಆ ಗಂಟೆ ಯಾರಿಗೆಂದು ಕೊಟ್ಟಿದ್ದರೋ ಆ ವಿದ್ಯಾರ್ಥಿನಿ ಬಾರದೆ ಅಂದಿಗೆ ಐದನೆಯ ಮಂಗಳವಾರ.

ಅವರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ‘ಆಮೇಲೆ ಮೇಡಂ’. ಹೆಸರಿಗೆ ಕಾರಣ ಹುಡುಕಬೇಕಿಲ್ಲ. ಎದುರು ಕೂತವರು ಏನೇ ಹೇಳಲಿ, ಅಳಲಿ, ಸುಳ್ಳು ಹೇಳಲಿ, ಹತ್ತು ನಿಮಿಷ ಬಾಯಿಗೆ ಬೀಗ ಹಾಕಿಕೊಂಡಿರಲಿ, ಅವರ ಬಾಯಿಂದ ಕೊನೆಗೆ ಬರುವುದು ಒಂದೇ ಪದ: ‘ಆಮೇಲೆ?’ ಅದರಲ್ಲಿ ಆತುರವಿಲ್ಲ, ಅಯ್ಯೋ ಪಾಪ ಇಲ್ಲ. ಕತೆ ಇಲ್ಲಿಗೆ ಮುಗಿಯಲಿಲ್ಲವಲ್ಲ ಎಂಬ ಒಂದು ಸಾಧಾರಣ ನಂಬಿಕೆ ಮಾತ್ರ ಇದೆ. ಕ್ಯಾಂಟೀನಿನಲ್ಲಿ ಹುಡುಗರು ಇದನ್ನು ಅಣಕಿಸುವುದುಂಟು. ‘ಮಗಾ, ಟೀ ಚೆಲ್ಲಿಹೋಯ್ತು.’ ‘ಆಮೇಲೆ?’ ‘ಪ್ಯಾಂಟು ಒದ್ದೆಯಾಯ್ತು.’ ‘ಆಮೇಲೆ?’ ಅಣಕಿಸುವವರಲ್ಲಿ ಅರ್ಧ ಜನ ಒಂದಲ್ಲ ಒಂದು ದಿನ ಆ ಕುರ್ಚಿಯ ಎಡಗೈ ಕೆರೆದವರೇ ಎಂಬುದು ಸಮಾಲೋಚಕಿಗೆ ಗೊತ್ತು. ಯಾರು ಎಂಬುದನ್ನು ಅವರ ಬಾಯಿಂದ ಯಾರೂ ಹೊರಡಿಸಲಾರರು.

ನಡಿಗೆಯೂ ಅವರದೇ. ಪಾದದ ಹಿಮ್ಮಡಿ, ನಡು, ಬೆರಳು, ಮೂರೂ ನೆಲಕ್ಕೆ ತಾಗಿದ ಮೇಲೆಯೇ ಇನ್ನೊಂದು ಕಾಲು ಏಳುತ್ತದೆ. ಮೊಣಕಾಲಿನ ನೋವು ಸ್ವಲ್ಪ, ಅಭ್ಯಾಸ ಹೆಚ್ಚು. ಮೈಮೇಲೆ ಬೂದುಬಣ್ಣದ ಗಂಡಸರ ಕೋಟು. ಭುಜ ಎರಡು ಬೆರಳು ಅಗಲ, ತೋಳು ಒಳಕ್ಕೆ ಮಡಚಿ ಹೊಲಿದದ್ದು. ಅದು ಅವರಿಗಾಗಿ ಹೊಲಿದ ಕೋಟಲ್ಲ. ಅವರ ಅಕ್ಕ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಅಲ್ಲಿ ಹಿಂಬದಿಯ ಗೋಡೆಗೆ ಒಂದು ಕಬ್ಬಿಣದ ಸಲಾಕೆ. ಅಳತೆ ಕೊಟ್ಟು, ಹೊಲಿಸಿ, ಮತ್ತೆ ಬಾರದೆ ಹೋದವರ ಬಟ್ಟೆಗಳೆಲ್ಲ ಅದರ ಮೇಲೆ ತೂಗುತ್ತವೆ. ಏಳು ವರ್ಷ ಕಾದು, ಆಮೇಲೂ ಯಾರೂ ಬರದಿದ್ದರೆ ಅಕ್ಕ ಅದನ್ನು ಯಾರಿಗಾದರೂ ಕೊಡುತ್ತಾರೆ. ಈ ಕೋಟು ಹಾಗೆ ತಂಗಿಯ ಹೆಗಲೇರಿದ್ದು. ಕೊಡುವಾಗ ಅಕ್ಕ ಹಾಕಿದ ಷರತ್ತು ಈಗಲೂ ಜಾರಿಯಲ್ಲಿದೆ. ‘ಆ ಮನುಷ್ಯ ಯಾವತ್ತಾದ್ರೂ ಎದುರಿಗೆ ಬಂದು ಇದು ನಂದು ಅಂದ್ರೆ, ನಡುಬೀದಿ ಆದ್ರೂ ಸರಿ, ಬಿಚ್ಚಿ ಕೊಟ್ಟುಬಿಡ್ಬೇಕು ನೋಡು.’

ಕೋಣೆಯಿರುವ ಕಟ್ಟಡಕ್ಕೆ ಲಿಫ್ಟ್ ಇಲ್ಲ. ನೆಲದಿಂದ ಅವರ ಬಾಗಿಲಿಗೆ ನಲವತ್ತೆರಡು ಮೆಟ್ಟಿಲು. ಹನ್ನೊಂದು ಹತ್ತಿದರೆ ಒಂದು ತಿರುವು, ಇನ್ನು ಹನ್ನೊಂದಕ್ಕೆ ಮೊದಲ ಮಹಡಿ, ಮತ್ತೆ ಹತ್ತಕ್ಕೆ ಕಿಟಕಿಯಿರುವ ಇನ್ನೊಂದು ತಿರುವು, ಕೊನೆಯ ಹತ್ತಕ್ಕೆ ಅವರ ಮಹಡಿ. ಹೊಸದಾಗಿ ಬಂದ ವಿದ್ಯಾರ್ಥಿಗೆ ಅವರು ಕಲಿಸುವ ಮೊದಲ ಪಾಠ ಈ ಮೆಟ್ಟಿಲುಗಳದ್ದೇ. ‘ಮುಂದಿನ ಸಲ ಬರುವಾಗ ಎಣಿಸಬೇಡ. ಮೇಲೆ ಹೋಗಿ ಏನು ಹೇಳ್ಲಿ ಅಂತ ಯೋಚಿಸ್ತಾ ಹತ್ತಬೇಡ. ಕಾಲು ಇಡು, ಪೂರ್ತಿ ಇಡು, ಇಟ್ಟಿದ್ದೀನಿ ಅಂತ ಗೊತ್ತಾಗಲಿ. ಅಷ್ಟು ಸಾಕು.’ ಹೊರಗಿನವರು ಇದನ್ನು ಮೈಂಡ್‌ಫುಲ್‌ನೆಸ್ ಎನ್ನುತ್ತಾರೆ. ಅವರು ಬರೀ ‘ಗಮನ’ ಎನ್ನುತ್ತಾರೆ. ಮನಸ್ಸನ್ನು ಖಾಲಿ ಮಾಡುವ ವಿದ್ಯೆ ತಮಗೆ ಬಾರದೆಂದೂ, ಅದು ಎಲ್ಲಿಗೆ ಹೋಗಿದೆಯೆಂದು ತಿಳಿದು ಬೈಯದೆ ಕರೆದುಕೊಂಡು ಬರುವುದಷ್ಟೇ ತಮಗೆ ಗೊತ್ತಿರುವುದೆಂದೂ ಹೇಳುತ್ತಾರೆ. ಅದರ ಮಿತಿಯನ್ನೂ ಮುಚ್ಚಿಡುವುದಿಲ್ಲ. ‘ಹಲ್ಲುನೋವಿಗೆ ಗಮನ ಕೊಟ್ರೆ ಹಲ್ಲುನೋವು ಇನ್ನೂ ಚೆನ್ನಾಗಿ ಗೊತ್ತಾಗತ್ತೆ. ಹಲ್ಲಿನ ಡಾಕ್ಟರ ಹತ್ರ ಹೋಗಲೇಬೇಕು.’ ಹಾಗಾಗಿ ಪಾಠದ ಜೊತೆಗೇ ಅವರ ಪ್ರಶ್ನೆಗಳೂ ಇರುತ್ತವೆ. ನಿದ್ದೆ ಬರತ್ತಾ? ಊಟ ಸೇರತ್ತಾ? ಕ್ಲಾಸಿಗೆ ಹೋಗ್ತಿದ್ದೀಯಾ? ಸಾಯೋ ಯೋಚನೆ ಬರತ್ತಾ? ನಾಲ್ಕನೆಯದನ್ನೂ ಮೊದಲ ಮೂರರ ದನಿಯಲ್ಲೇ ಕೇಳುತ್ತಾರೆ. ದನಿ ತಗ್ಗಿಸಿದರೆ ಉತ್ತರವೂ ತಗ್ಗಿ ಅಡಗಿಕೊಳ್ಳುತ್ತದೆ ಎಂಬುದು ಅವರ ಅನುಭವ.

ಕಣ್ಣು ಮುಚ್ಚಲು ಮಾತ್ರ ಅವರು ಯಾರಿಗೂ ಹೇಳುವುದಿಲ್ಲ. ಎರಡು ವರ್ಷದ ಕೆಳಗೆ ದೊಡ್ಡ ಸಭಾಂಗಣದಲ್ಲಿ ಮುನ್ನೂರು ಜನರನ್ನು ಒಟ್ಟಿಗೆ ಕೂರಿಸಿ, ಬಾಗಿಲಲ್ಲಿ ಹಾಜರಿ ಹಾಕಿಸಿ, ವೇದಿಕೆಯ ಮೇಲೆ ಇವರ ಕೈಗೆ ಮೈಕು ಕೊಟ್ಟಿದ್ದರು. ‘ಕಣ್ಣು ಮುಚ್ಚಿ, ಉಸಿರನ್ನು ಗಮನಿಸಿ’ ಎಂದರು ಇವರು. ಕೆಲವರಿಗೆ ನಿಜಕ್ಕೂ ಹಾಯೆನಿಸಿತು, ಹಿಂದಿನ ನಾಲ್ಕು ಸಾಲು ನಿದ್ದೆಹೋಯಿತು, ಮುಂದಿನ ಸಾಲಿನ ಒಬ್ಬಳು ಏದುಸಿರು ಬಿಡುತ್ತಾ ಎದ್ದು ಹೊರಗೆ ಓಡಿದಳು. ಹಿಂದೆಯೇ ಹೋಗಿ ಅವಳ ಪಕ್ಕ ಕೂತಾಗ ಅವಳು ಹೇಳಿದ್ದು ಇವರಿಗೆ ಬಾಯಿಪಾಠವಾಗಿದೆ: ‘ಮೇಡಂ, ಅದು ತನ್ನ ಪಾಡಿಗೆ ತಾನು ನಡೀತಿತ್ತು. ನೀವು ನೋಡು ಅಂದ್ರಿ, ನೋಡಿದೆ, ಅದಕ್ಕೆ ಗಾಬರಿಯಾಯ್ತು.’ ಅಂದಿನಿಂದ ಕಣ್ಣು ತೆರೆದೇ ಇರಬೇಕು, ಹನ್ನೆರಡು ಜನರಿಗಿಂತ ಹೆಚ್ಚು ಇರಕೂಡದು, ಬೇಡವೆನ್ನಿಸಿದವರು ಎದ್ದು ಹೋಗಬಹುದು ಎಂಬ ಮೂರು ಕಟ್ಟಳೆಗಳೊಂದಿಗೆ ಬುಧವಾರ ಬೆಳಗಿನ ತರಗತಿ ನಡೆಯುತ್ತಿದೆ.

ಆದರೆ ಅವರ ಎಲ್ಲ ಕಟ್ಟಳೆಗಳಲ್ಲಿ ಹೊರಗಿನವರಿಗೆ ಅರ್ಥವಾಗದ್ದು ಒಂದೇ. ಯಾರಿಗೂ ‘ಬರ್ತಾ ಇರು’ ಎಂದು ಅವರು ಹೇಳುವುದಿಲ್ಲ. ಮಂಗಳವಾರ ಹನ್ನೊಂದೂ ಹತ್ತು, ಗುರುವಾರ ಎರಡೂ ಇಪ್ಪತ್ತು, ಹೀಗೆ ಅಳೆದು ಕೊಡುತ್ತಾರೆ. ಕೊಟ್ಟ ಗಂಟೆಗೆ ಆ ವಿದ್ಯಾರ್ಥಿ ಬಾರದಿದ್ದರೆ ಬೇರೆ ಯಾರನ್ನೂ ಒಳಗೆ ಕರೆಯುವುದಿಲ್ಲ. ಪೂರ್ತಿ ಐವತ್ತು ನಿಮಿಷ ಬಾಗಿಲು ಅಂಗೈಯಗಲ ತೆರೆದಿಟ್ಟು, ಖಾಲಿ ಕುರ್ಚಿಯ ಎದುರು ಕೂರುತ್ತಾರೆ.

ಹೀಗೆ ಕೂರುವುದಕ್ಕೆ ಕಾರಣ ಅವರು ಹಿಂದೆ ಮಾಡಿದ ಒಂದು ತಪ್ಪು. ಹನ್ನೆರಡು ವರ್ಷದ ಹಿಂದೆ ಅವರೂ ಚುರುಕಾಗಿದ್ದರು. ಹತ್ತು ನಿಮಿಷ ನೋಡಿ, ಬರಲಿಲ್ಲವೆಂದರೆ ಕಾಯುವ ಪಟ್ಟಿಯಿಂದ ಇನ್ನೊಬ್ಬರನ್ನು ಕರೆಯುತ್ತಿದ್ದರು. ಸಮಯ ಹಾಳುಮಾಡದ ಸಮಾಲೋಚಕಿಯೆಂದು ಹೊಗಳಿಸಿಕೊಂಡೂ ಇದ್ದರು. ಆಗ ಭೌತಶಾಸ್ತ್ರದ ಒಬ್ಬ ವಿದ್ಯಾರ್ಥಿ ಮೂರು ಸಲ ಬಂದು ನಾಲ್ಕನೆಯ ಸಲ ಬರಲಿಲ್ಲ. ಅವನ ಗಂಟೆಗೆ ಕರೆದ ಇನ್ನೊಬ್ಬ ಹುಡುಗಿ ಯಾವುದೋ ಅಧ್ಯಾಪಕರ ನಡಿಗೆ ಅಣಕಿಸಿ ತೋರಿಸಿದಳು. ಇಬ್ಬರೂ ಜೋರಾಗಿ ನಕ್ಕರು. ಮರುದಿನ ಇವರು ಫೋನ್ ಮಾಡಿ ಯಾಕೆ ಬರಲಿಲ್ಲವೆಂದು ಕೇಳಿದಾಗ ಅವನು ಸಿಟ್ಟಿಲ್ಲದೆ ಹೇಳಿದ: ‘ಬಂದಿದ್ದೆ ಮೇಡಂ. ನಲವತ್ತು ನಿಮಿಷ ಲೇಟಾಗಿತ್ತು. ಒಳಗೆ ಯಾರೋ ನಗ್ತಿದ್ರು. ಹೋಗ್ಲಿ ಬಿಡಿ ಅಂತ ವಾಪಸ್ ಹೋದೆ.’ ಇವರು ಕ್ಷಮೆ ಕೇಳಿದರು, ಮೂರು ಬೇರೆ ಬೇರೆ ಹೊತ್ತು ಕೊಟ್ಟರು, ಅವನ ವಿಭಾಗಕ್ಕೆ ಹೋಗಿ ಕಂಡರು. ಅವನು ಪ್ರತಿ ಸಲವೂ ‘ಪರವಾಗಿಲ್ಲ ಮೇಡಂ’ ಎಂದ. ಆ ವರ್ಷದ ನಡುವೆಯೇ ಓದು ಬಿಟ್ಟು ಹೋದ. ಎಲ್ಲಿದ್ದಾನೆ, ಹೇಗಿದ್ದಾನೆ ಎಂಬುದು ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲ ಎಂಬುದನ್ನೂ ಅವರು ಹಾಗೆಯೇ, ಕೂಡಿಸದೆ ಕಳೆಯದೆ ಹೇಳುತ್ತಾರೆ.

ಈಗ ಮಂಗಳವಾರದ ಗಂಟೆ ಇದ್ದದ್ದು ಭೂವಿಜ್ಞಾನದ ಕೊನೆಯ ವರ್ಷದ ಒಬ್ಬ ಹುಡುಗಿಗೆ. ಕಲ್ಲುಗಣಿಗಳ ಬಗ್ಗೆ ಅವಳು ಪ್ರಬಂಧ ಬರೆಯಬೇಕಿತ್ತು. ನಾಲ್ಕು ತಿಂಗಳಿಂದ ಒಂದು ಪುಟವೂ ಸಾಗಿರಲಿಲ್ಲ. ಮೊದಲ ಮೂರು ಸಲ ದಪ್ಪ ಅಟ್ಟೆಯ ಬೂಟು ಹಾಕಿಕೊಂಡು ಬಂದು, ಕೊರಳಿನ ಭೂತಗನ್ನಡಿಯನ್ನು ತಿರುವುತ್ತಾ, ಕಲ್ಲುಗಳ ಬಗ್ಗೆಯೇ ಮಾತಾಡಿದಳು. ನಾಲ್ಕನೆಯ ಸಲ ನಾಲ್ಕನೆಯ ಪ್ರಶ್ನೆಗೆ ಉತ್ತರ ಕೊಟ್ಟಳು. ಹಿಂದಿನ ವಾರ ಕೆಲಸ ನಿಂತ ಗಣಿಯೊಂದರ ಅಂಚಿನಲ್ಲಿ ಒಬ್ಬಳೇ ಒಂದು ಗಂಟೆ ಕೂತಿದ್ದಳು. ‘ಕೂತಿದ್ದೆ ಮೇಡಂ. ಕೆಳಗೆ ನೋಡ್ತಾ ಇದ್ದೆ. ಆಮೇಲೆ ಎದ್ದು ಬಂದೆ’ ಎಂದಳು. ಅಷ್ಟು ಹೇಳುವಷ್ಟರಲ್ಲಿ ಅವಳ ಹೊತ್ತು ಮುಗಿದಿತ್ತು. ಆ ದಿನ ಮಾತ್ರ ಸಮಾಲೋಚಕಿ ಹನ್ನೆರಡಕ್ಕೆ ಏಳಲಿಲ್ಲ. ಅವಳ ಒಪ್ಪಿಗೆ ಪಡೆದು ಕೋಣೆಯ ಗೆಳತಿಗೆ ತಿಳಿಸಿದರು, ತಾವೇ ಜೊತೆಯಲ್ಲಿ ನಡೆದು ಆರೋಗ್ಯ ಕೇಂದ್ರದ ವೈದ್ಯೆಯ ಬಳಿಗೆ ಕರೆದೊಯ್ದರು, ಮತ್ತೆ ಹಾಗೆನಿಸಿದರೆ ಯಾರಿಗೆ ಮೊದಲು ಫೋನು, ಯಾರಿಗೆ ಆಮೇಲೆ ಎಂಬುದನ್ನು ಅವಳ ಕೈಯಿಂದಲೇ ಬರೆಸಿದರು. ಮುಂದಿನ ಮಂಗಳವಾರದಿಂದ ಅವಳು ಬರಲಿಲ್ಲ.

ದೊಡ್ಡ ಮಾತು ಆಡಿಬಿಟ್ಟವರು ಮರುವಾರ ತಪ್ಪಿಸಿಕೊಳ್ಳುವುದು ಈ ವೃತ್ತಿಯಲ್ಲಿ ಹೊಸದಲ್ಲ. ಹೇಳಿದ ಬಾಯಿಗಿಂತ ಕೇಳಿದ ಕಿವಿಗೆ ಹೆದರುವವರೇ ಹೆಚ್ಚು. ವೈದ್ಯೆಯ ಬಳಿಗೆ ಅವಳು ತಪ್ಪದೆ ಹೋಗುತ್ತಿದ್ದಳು, ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಊಟದ ಮನೆಗೂ ಬರುತ್ತಾಳೆಂದು ಗೆಳತಿ ಹೇಳಿದ್ದಳು. ಸಮಾಲೋಚಕಿ ಪ್ರತಿ ಸೋಮವಾರ ಒಂದು ಸಂದೇಶ ಕಳಿಸುತ್ತಿದ್ದರು: ‘ನಾಳೆ ಹನ್ನೊಂದೂ ಹತ್ತು. ಕುರ್ಚಿ ನಿನ್ನದೇ.’ ಓದಿದ ಗುರುತು ಬೀಳುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಒಮ್ಮೆ ಆ ನಾಲ್ಕನೆಯ ಪ್ರಶ್ನೆಯನ್ನು ನೇರವಾಗಿ ಬರೆದು ಕೇಳಿದಾಗ ಮಾತ್ರ ಉತ್ತರ ಬಂತು: ‘ಈಗ ಇಲ್ಲ ಮೇಡಂ. ಆದ್ರೆ ನಿಮ್ಮ ಮುಖ ನೋಡಕ್ಕಾಗಲ್ಲ.’

ಐದನೆಯ ಮಂಗಳವಾರ ಹನ್ನೆರಡು ದಾಟಿದ ಮೇಲೆ ಕಟ್ಟಡದ ಅಟೆಂಡರು ಒಂದು ಲಕೋಟೆ ಹಿಡಿದು ಬಂದರು. ನಿವೃತ್ತಿಗೆ ಎಂಟು ತಿಂಗಳಿರುವ, ಮೊದಲ ಮಹಡಿಯ ಸ್ಟೂಲನ್ನು ಗದ್ದುಗೆಯೆಂದು ತಿಳಿದಿರುವ ಮನುಷ್ಯ.

‘ಕುಲಸಚಿವರು ಶುಕ್ರವಾರ ಬರ್ಬೇಕಂತೆ. ನಿಮ್ಮ ಖಾಲಿ ಗಂಟೆ ವಿಷಯ ಅಂತೆ. ನಾನು ಓದಿಲ್ಲ, ಲಕೋಟೆ ತೆರೆದೇ ಇತ್ತು.’

‘ಆಮೇಲೆ?’

‘ಆಮೇಲೆ ಏನಿಲ್ಲ. ಹಾಂ, ಒಂದು ತಮಾಷೆ ಕೇಳಿ. ಒಂದು ಹುಡುಗಿ, ಗಂಡಸರ ಥರ ಬೂಟು ಹಾಕ್ತಾಳೆ, ಮೂರು ವಾರದಿಂದ ಮಂಗಳವಾರ ಬಂದು ನನ್ನ ಸ್ಟೂಲ್ ಪಕ್ಕದ ಬೋರ್ಡು ಓದ್ತಾಳೆ. ಯಾರದ್ದೋ ಸೈಕಲ್ ಕಳೆದಿದೆ ಅಂತ ಇರೋದು. ಅದೊಂದೇ. ಮೂರು ವಾರ! ನಾನೇ ಕೇಳ್ದೆ, ಏನಮ್ಮ, ಸೈಕಲ್ ನೀನೇ ಕದ್ದಿದ್ದೀಯಾ ಅಂತ. ನಕ್ಕಳು. ಇಳಿದು ಹೋದ್ಳು.’

ಸಮಾಲೋಚಕಿ ಲಕೋಟೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಮುಖದ ಒಂದು ನೆರಿಗೆಯೂ ಅಲುಗಲಿಲ್ಲ. ‘ಆ ಸೈಕಲ್ ನೋಟಿಸು ತೆಗೆದುಹಾಕಬೇಡಿ’ ಎಂದರು, ಅಷ್ಟೆ.

ಕುಲಸಚಿವರು ಗಣಿತದ ಪ್ರಾಧ್ಯಾಪಕರು, ಕೆಟ್ಟವರಲ್ಲ. ಶುಕ್ರವಾರ ಅವರು ಮೇಜಿನ ಮೇಲೆ ಹರಡಿದ ಹಾಳೆಯೂ ಸುಳ್ಳಲ್ಲ. ವಾರಕ್ಕೆ ಮೂವತ್ತು ಗಂಟೆ, ಅದರಲ್ಲಿ ಒಂಬತ್ತರ ಎದುರು ‘ಖಾಲಿ’ ಎಂದಿತ್ತು. ಕಾಯುವ ಪಟ್ಟಿಯಲ್ಲಿ ನಲವತ್ತೊಂದು ಜನ. ಹೊಸ ಆದೇಶ ಸಿದ್ಧವಾಗಿತ್ತು: ಬರುವ ಒಂದನೆಯ ತಾರೀಖಿನಿಂದ, ಎರಡು ಸಲ ತಪ್ಪಿಸಿಕೊಂಡವರ ಗಂಟೆ ರದ್ದು, ಅದು ಪಟ್ಟಿಯಲ್ಲಿರುವವರಿಗೆ.

‘ಇದಕ್ಕೆ ಗಣಿತ ಬೇಕಿಲ್ಲ ಮೇಡಂ. ಬೆರಳು ಮಡಚಿದ್ರೆ ಸಾಕು.’

‘ಲೆಕ್ಕ ಸರಿ ಇದೆ ಸರ್.’

‘ಮತ್ತೆ?’

‘ಗಂಟೆ ಖಾಲಿ ಇಲ್ಲ.’

‘ಯಾರಿದ್ದಾರೆ ಅದರಲ್ಲಿ?’

‘ಬರಬೇಕಾದವರು.’

ಕುಲಸಚಿವರು ಕನ್ನಡಕ ತೆಗೆದು ಒರೆಸಿಕೊಂಡರು. ‘ಸರಿ, ತಪ್ಪಿಸ್ಕೊಂಡು ವಾಪಸ್ ಬಂದ ಒಬ್ಬರ ಹೆಸರು ಕೊಡಿ. ಒಬ್ಬರದು ಸಾಕು. ಆದೇಶ ಹರಿದುಹಾಕ್ತೀನಿ.’

‘ಹೆಸರು ಕೊಡಲ್ಲ ಸರ್.’

‘ಹಾಗಿದ್ರೆ ಈ ನಲವತ್ತೊಂದು ಜನಕ್ಕೆ ಏನು ಹೇಳ್ಲಿ? ಅವರೇನು ಸುಖವಾಗಿದ್ದಾರಾ?’

‘ಗೊತ್ತಿಲ್ಲ ಸರ್’ ಎಂದರು ಅವರು. ಕುಲಸಚಿವರು ಮಂಗಳವಾರ ಸಂಜೆಯೊಳಗೆ ಸಹಿ ಮಾಡಿ ಕಳಿಸಿ ಎಂದರು. ಒಂದನೆಯ ತಾರೀಖು ಬುಧವಾರ ಬೀಳುತ್ತಿತ್ತು. ಭೂವಿಜ್ಞಾನದ ಹುಡುಗಿಗೆ ಉಳಿದದ್ದು ಒಂದೇ ಮಂಗಳವಾರ.

ಭಾನುವಾರ ಅಕ್ಕನ ಅಂಗಡಿಯಲ್ಲಿ ಗುಂಡಿ ಹಚ್ಚಿಕೊಡುತ್ತಾ ಕೂತಾಗ ಅಕ್ಕನೇ ಕೆಣಕಿದರು. ‘ಏನೇ, ಈ ವಾರ ನಿನ್ನ ಕುರ್ಚಿ ಏನಂತು?’

‘ನಿನ್ನ ಸಲಾಕೆ ಮೇಲಿನ ನೀಲಿ ಪ್ಯಾಂಟು ಏನಂತೋ ಅದೇ ಅಂತು.’

‘ನನ್ನ ಪ್ಯಾಂಟಿಗೆ ಯಾರೂ ಸಂಬಳ ಕೊಡಲ್ಲಮ್ಮ. ಖಾಲಿ ಕುರ್ಚಿ ಕಾಯೋಕೆ ನಿಂಗೆ ಸಂಬಳ. ಹೋಗಿ ಆ ಹುಡುಗಿ ಯಾರೋ, ಕೈ ಹಿಡಿದು ದರದರ ಎಳ್ಕೊಂಡು ಬರಬಾರದಾ?’ ತಂಗಿ ಯಾರ ಹೆಸರನ್ನೂ ಹೇಳಿರಲಿಲ್ಲ, ಹುಡುಗಿಯೆಂದೂ ಹೇಳಿರಲಿಲ್ಲ, ಅಕ್ಕ ಅಕ್ಕನೇ.

‘ನೀನು ಅಳತೆ ಕೊಟ್ಟವರ ಮನೆಗೆ ಹೋಗಿ ಬಟ್ಟೆ ತೊಡಿಸಿ ಬರ್ತೀಯಾ?’

ಅಕ್ಕ ದಾರ ಕಚ್ಚಿ ತುಂಡು ಮಾಡಿದರು. ಎದ್ದು ಹೋಗಿ ಸಲಾಕೆಯ ಆ ನೀಲಿ ಪ್ಯಾಂಟನ್ನು ತೆಗೆದು, ಒಳಮಗ್ಗುಲು ತಿರುಗಿಸಿ ತೋರಿಸಿದರು. ಹೊಲಿಗೆಯ ಆಚೆಗೆ ಎರಡು ಬೆರಳು ಬಟ್ಟೆ ಕತ್ತರಿಸದೆ ಬಿಟ್ಟಿತ್ತು. ‘ನೋಡು. ಬೇಗ ಬರೋವ್ರಿಗೆ ಅರ್ಧ ಬೆರಳು ಬಿಡ್ತೀನಿ. ತಡ ಮಾಡೋವ್ರಿಗೆ ಎರಡು. ಬರೋವಾಗ ಅದೇ ಮೈ ಇರಲ್ಲ ಕಣೇ. ಸಣ್ಣ ಆಗಿರ್ತಾರೆ, ದಪ್ಪ ಆಗಿರ್ತಾರೆ. ಬಿಚ್ಚಿ ಹೊಲಿಯೋಕೆ ಜಾಗ ಬೇಕಲ್ಲ.’

ತಂಗಿ ಆ ಎರಡು ಬೆರಳಿನ ಅಂಚನ್ನು ಸ್ವಲ್ಪ ಹೊತ್ತು ಮುಟ್ಟಿ ನೋಡಿದರು. ನಲವತ್ತೊಂದು ಜನಕ್ಕೆ ಏನು ಹೇಳಲಿ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಹೊಳೆಯಿತೆಂದು ಹೇಳಲಾಗದು. ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಅವರು ಟಿಕೆಟ್ಟಿನ ಹಿಂಬದಿಗೆ ‘ಬೆಳಗಿನ ಎಂಟೂವರೆ’ ಎಂದು ಶುರುಮಾಡಿ ಏನೇನೋ ಬರೆದುಕೊಂಡರು.

ಆರನೆಯ ಮಂಗಳವಾರ ಹನ್ನೊಂದೂ ಹತ್ತಕ್ಕೆ ಬಾಗಿಲು ಮತ್ತೆ ಅಂಗೈಯಗಲ ತೆರೆಯಿತು. ಹನ್ನೊಂದೂ ಇಪ್ಪತ್ತು, ಮೂವತ್ತು. ನೋಟ ಬಣ್ಣ ಹೋದ ಮರದ ಮೇಲೆ. ಹನ್ನೊಂದೂ ಮೂವತ್ತೆಂಟಕ್ಕೆ ಕೆಳಗಿನಿಂದ ಸದ್ದು ಬಂತು. ಬೂಟಿನ ಸದ್ದು, ಓಡುವ ಬೂಟಲ್ಲ. ಹಿಮ್ಮಡಿ, ನಡು, ಬೆರಳು. ಪೂರ್ತಿ ಇಟ್ಟು, ಆಮೇಲೆ ಇನ್ನೊಂದು. ಎಣಿಸಬೇಡಿ ಎಂದು ಹತ್ತೊಂಬತ್ತು ವರ್ಷ ಹೇಳಿಕೊಂಡು ಬಂದವರು ಅಂದು ತಾವೇ ಎಣಿಸಿದರು. ಇಪ್ಪತ್ತೆರಡಕ್ಕೆ ಸದ್ದು ನಿಂತಿತು. ಸೈಕಲ್ಲಿನ ನೋಟಿಸು. ಒಂದು ನಿಮಿಷ ಕಳೆದು ಮತ್ತೆ ಶುರುವಾಯಿತು. ಇಪ್ಪತ್ತೈದು. ಇಪ್ಪತ್ತೊಂಬತ್ತು. ಮೂವತ್ತೆರಡು. ಕಿಟಕಿಯ ತಿರುವು. ಅಲ್ಲಿಂದ ನೋಡಿದರೆ ಈ ಬಾಗಿಲಿನ ಸಂದು ಕಾಣುತ್ತದೆ. ಸಂದಿನಲ್ಲಿ ಬೂದು ಕೋಟಿನ ಒಂದು ತೋಳು, ಎದುರಿಗೆ ಖಾಲಿ ಕುರ್ಚಿ.

ಎದ್ದು ಹೋಗಿ ಬಾಗಿಲು ತೆರೆದರೆ ನಾಲ್ಕು ಹೆಜ್ಜೆ. ‘ಬಾ’ ಎಂದರೆ ಒಂದೇ ಅಕ್ಷರ. ಅವರ ಅಂಗೈ ಎರಡೂ ಕುರ್ಚಿಯ ಕೈಗಳ ಮೇಲೆ ಒತ್ತಿಕೊಂಡಿದ್ದವು. ಏಳಲು ಒತ್ತಿದ್ದೋ ಏಳದಿರಲು ಒತ್ತಿದ್ದೋ ಅವರಿಗೇ ತಿಳಿಯದು. ಅವರು ಏಳಲಿಲ್ಲ. ಮೇಲಿನ ಹತ್ತು ಮೆಟ್ಟಿಲು ಅವಳವು. ಎರಡು ನಿಮಿಷದ ನಂತರ ಬೂಟುಗಳು ಇಳಿದವು, ಅವೂ ಪೂರ್ತಿ ಪೂರ್ತಿಯಾಗಿ. ಹನ್ನೆರಡಾಗುವವರೆಗೆ ಅವರು ಕೂತೇ ಇದ್ದರು. ದಿನಚರಿಯಲ್ಲಿ ‘ಬರಲಿಲ್ಲ’ ಎಂದು ಬರೆಯುವ ಜಾಗದಲ್ಲಿ ‘ಮೂವತ್ತೆರಡು’ ಎಂದು ಬರೆದರು.

ಸಂಜೆ ಕುಲಸಚಿವರ ಮೇಜಿನ ಮೇಲೆ ಸಹಿ ಮಾಡದ ಆದೇಶವನ್ನೂ ಅದರ ಪಕ್ಕದಲ್ಲಿ ತಮ್ಮ ಕೈಬರಹದ ಒಂದು ಹಾಳೆಯನ್ನೂ ಇಟ್ಟರು. ವಾರದ ಐದೂ ದಿನ ಬೆಳಗಿನ ಎಂಟೂವರೆಯಿಂದ ಒಂಬತ್ತೂ ಇಪ್ಪತ್ತು, ಶನಿವಾರ ನಾಲ್ಕು ಗಂಟೆ, ಒಟ್ಟು ಒಂಬತ್ತು. ಎಲ್ಲವೂ ಕಾಯುವ ಪಟ್ಟಿಯವರಿಗೆ. ಅದಕ್ಕೆ ಬದಲಾಗಿ, ಕೊಟ್ಟ ಗಂಟೆ ಕೊಟ್ಟವರದೇ. ಹಾಳೆಯಲ್ಲಿ ‘ಖಾಲಿ’ ಎಂಬ ಪದ ಹೋಗಿ ‘ಕಾದಿರಿಸಿದೆ’ ಎಂದಾಗಬೇಕು.

ಕುಲಸಚಿವರು ಎರಡು ಸಲ ಓದಿದರು. ‘ಬೆಳಿಗ್ಗೆ ಎಂಟೂವರೆಗೆ ನಲವತ್ತೆರಡು ಮೆಟ್ಟಿಲು. ನಿಮ್ಮ ಮೊಣಕಾಲು ಒಪ್ಪತ್ತಾ?’

‘ಅದನ್ನ ಕೇಳಿಲ್ಲ ಸರ್.’

‘ಇಷ್ಟಕ್ಕೂ ನಿಮ್ಮ ಆ ಬರಬೇಕಾದವರು ಬಂದ್ರಾ?’

‘ಬರ್ತಾ ಇದ್ದಾರೆ.’

‘ಅಂದ್ರೆ ಬಂದಿಲ್ಲ.’

‘ಅಂದ್ರೆ ಬರ್ತಾ ಇದ್ದಾರೆ ಸರ್.’

ಗಣಿತದ ಮನುಷ್ಯ ಪೆನ್ನು ತೆಗೆದರು. ಯಾವುದೋ ಪ್ರಮೇಯವನ್ನು ಸಾಧಿಸಲಾಗದೆ, ಸದ್ಯಕ್ಕೆ ಹೀಗಿರಲಿ ಎಂದು ಮುಂದಿನ ಸಾಲಿಗೆ ಹೋಗುವವರಂತೆ, ಹಾಳೆಯ ಕೆಳಗೆ ‘ಈ ಅವಧಿಗೆ ಮಾತ್ರ’ ಎಂದು ಬರೆದು ಸಹಿ ಹಾಕಿದರು. ‘ನೀವು ಬಲು ಹಠಮಾರಿ’ ಎಂದರು. ಸಮಾಲೋಚಕಿ ಅದಕ್ಕೂ ‘ಆಮೇಲೆ?’ ಎನ್ನಬಹುದೆಂಬ ಭಯದಿಂದಲೋ ಏನೋ, ಕೂಡಲೇ ಫೋನೆತ್ತಿಕೊಂಡರು.

ಜಗತ್ತಿನಲ್ಲಿ ನೆರವಿಗೆ ಓಡಿಬರುವವರ ಬಗ್ಗೆ ನಾವು ಬಹಳ ಬರೆದಿದ್ದೇವೆ. ನೀರಿಗೆ ಹಾರಿದವರು, ಬೆಂಕಿಗೆ ನುಗ್ಗಿದವರು, ಸರಿಯಾದ ಹೊತ್ತಿಗೆ ಸರಿಯಾದ ಮಾತಾಡಿದವರು. ಇನ್ನೊಂದು ಜಾತಿಯ ಜನರಿದ್ದಾರೆ. ಅವರು ಎಲ್ಲಿಗೂ ಓಡುವುದಿಲ್ಲ, ಹೇಳಿದ ಜಾಗದಲ್ಲಿ ಹೇಳಿದ ಹೊತ್ತಿಗೆ ಇರುತ್ತಾರೆ. ಅವರ ಕೆಲಸ ಲೆಕ್ಕದ ಹಾಳೆಯಲ್ಲಿ ಕೆಲಸವಿಲ್ಲದಿರುವಿಕೆಯಂತೆಯೇ ಕಾಣುತ್ತದೆ. ದೂರದಿಂದ ನೋಡುವವರಿಗೆ ಅವರು ಸುಮ್ಮನೆ ಕೂತವರು. ಮೂವತ್ತೆರಡನೆಯ ಮೆಟ್ಟಿಲಲ್ಲಿ ನಿಂತು ನೋಡುವವರಿಗೆ ಮಾತ್ರ, ತಮಗೆಂದು ಬಿಟ್ಟ ಜಾಗವೊಂದನ್ನು ಯಾರಿಗೂ ಬಿಟ್ಟುಕೊಡದೆ ಹಿಡಿದಿಟ್ಟವರು. ಇಂಥವರಿಗೆ ಕರುಣೆಗಿಂತ ಹೆಚ್ಚಾಗಿ ಬೇಕಾದದ್ದು ಹಠ. ಕರುಣೆ ನಾಲ್ಕನೆಯ ವಾರಕ್ಕೆ ದಣಿಯುತ್ತದೆ.

ಏಳನೆಯ ಮಂಗಳವಾರ ಹನ್ನೊಂದೂ ಐವತ್ತೆರಡಕ್ಕೆ ಬೂಟಿನ ಸದ್ದು ಮೂವತ್ತೆರಡರಲ್ಲಿ ನಿಂತು, ಮುಂದುವರಿದು, ಬಾಗಿಲ ಬಳಿ ಬಂತು. ಹುಡುಗಿ ಸಂದಿನಲ್ಲಿ ಮುಖ ತೋರಿಸಿದಳು. ‘ಎಂಟೇ ನಿಮಿಷ ಇದೆ ಮೇಡಂ.’

‘ಇರಲಿ. ಎಂಟೂ ನಿನ್ನವೇ. ಕೂತ್ಕೋ.’

ಕೂತಳು. ಎಡಗೈ ಬೆರಳುಗಳು ತಾವಾಗಿಯೇ ಬಣ್ಣ ಹೋದ ಮರವನ್ನು ಹುಡುಕಿಕೊಂಡವು. ಎಲ್ಲಿದ್ದೆ, ಯಾಕೆ ಬರಲಿಲ್ಲ, ಹೇಗಿದ್ದೀಯ ಎಂಬುದಾವುದನ್ನೂ ಅವರು ಕೇಳಲಿಲ್ಲ. ಏಳು ವಾರದ ಹಿಂದೆ ಬಿಟ್ಟ ಹೊಲಿಗೆಯ ತುದಿಯನ್ನೇ ಹಿಡಿದರು.

‘ಎದ್ದು ಬಂದೆ ಅಂದಿದ್ದೆ. ಆಮೇಲೆ?’

ಹುಡುಗಿ ಮಾತಾಡತೊಡಗಿದಳು. ಹನ್ನೆರಡಕ್ಕೆ ಇಬ್ಬರೂ ಎದ್ದರು. ಹನ್ನೆರಡೂ ಹತ್ತಕ್ಕೆ ಬೇರೆಯವರು ಬರುವುದಿತ್ತು. ಭೂವಿಜ್ಞಾನದ ಹುಡುಗಿ ಬರುವ ಮಂಗಳವಾರ ಹನ್ನೊಂದೂ ಹತ್ತಕ್ಕೆ ಮತ್ತೆ ಬರಬೇಕು. ಸಮಾಲೋಚಕಿ ನಾಳೆ ಬೆಳಿಗ್ಗೆ ಎಂಟೂವರೆಗೆ ಕಾಯುವ ಪಟ್ಟಿಯ ಹತ್ತನೆಯವರಿಗೆ ಬಾಗಿಲು ತೆರೆಯಬೇಕು.